ಸರೋವರದಿಂದ ಕಡಲಿಗೆ: ಬಾಲಿಯಲ್ಲಿ ಒಂದು ದಿನ ಸುತ್ತಿಸುತ್ತ ಕಲಿತದ್ದು

ಕರ್ನಾಟಕದಿಂದ ಬಾಲಿಗೆ ಗುಂಪುಗಳನ್ನು ಕರೆದುಕೊಂಡು ಹೋಗಿ ಬರುವುದು ನನ್ನ ಕೆಲಸ. ಜೊತೆಗೆ ಬರುವವರಲ್ಲಿ ನಿವೃತ್ತ ಮೇಷ್ಟ್ರುಗಳಿದ್ದಾರೆ, ಬ್ಯಾಂಕಿನಲ್ಲಿ ದುಡಿದು ಈಗ ಮನೆಯಲ್ಲಿರುವವರಿದ್ದಾರೆ, ಮಕ್ಕಳು ಟಿಕೆಟ್ ಮಾಡಿಸಿ ಕಳಿಸಿದ ಅಪ್ಪ-ಅಮ್ಮಂದಿರಿದ್ದಾರೆ, ಸುಗ್ಗಿ ಮುಗಿಸಿ ಹೊರಟ ರೈತ ದಂಪತಿಗಳೂ ಇದ್ದಾರೆ. ಅಲ್ಲಿ ಗೈಡ್ ಆಗಲು ಪರವಾನಗಿ ಬೇಕು, ಅದು ಸ್ಥಳೀಯರ ಕೆಲಸ. ನಾನು ಗುಂಪಿನ ಜೊತೆಗಿರುವ ಟೂರ್ ಮ್ಯಾನೇಜರ್. ಗೈಡ್ ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದು, ಊಟ-ವಸತಿ ನೋಡಿಕೊಳ್ಳುವುದು, ಯಾರಿಗೆ ಬಿಪಿ ಮಾತ್ರೆ ಎಷ್ಟು ಹೊತ್ತಿಗೆ ಎಂದು ನೆನಪಿಡುವುದು ನನ್ನ ಪಾಲಿಗೆ ಬರುತ್ತದೆ.

ಇಂಡೋನೇಷ್ಯಾದಲ್ಲಿ ಮುಸ್ಲಿಮರೇ ಬಹುಸಂಖ್ಯಾತರು. ಬಾಲಿ ಪ್ರಾಂತ್ಯದಲ್ಲಿ ಮಾತ್ರ ಶೇ. 85ಕ್ಕೂ ಹೆಚ್ಚು ಜನ ಹಿಂದೂಗಳು. ಹಾಗಾಗಿ ನಮ್ಮವರಿಗೆ ಬಾಲಿ ಎಂದರೆ ಸಮುದ್ರಕ್ಕಿಂತ ಮೊದಲು ದೇವಸ್ಥಾನ. ಪ್ರವಾಸದ ಪಟ್ಟಿಯಲ್ಲಿ ಒಂದು ಪೂರ್ತಿ ದಿನ ದೇವಸ್ಥಾನ ಮತ್ತು ಪ್ರಕೃತಿ ನೋಡಲು ಮೀಸಲಿರುತ್ತದೆ. ಎಲ್ಲರೂ ಕಾಯುವುದು ಆ ದಿನಕ್ಕೆ, ಬಹಳ ಕಾಲ ನನ್ನಿಂದ ಕೆಟ್ಟದ್ದೂ ಆ ದಿನವೇ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೂ, ಅಪ್ಪ-ಅಮ್ಮನನ್ನು ತಾವೇ ಕರೆದುಕೊಂಡು ಹೋಗುವ ಮಕ್ಕಳಿಗೂ ಉಪಯೋಗಕ್ಕೆ ಬರಬಹುದೆಂದು ಇದನ್ನು ಬರೆದಿಡುತ್ತಿದ್ದೇನೆ.

1. ಒಂದು ದಿನಕ್ಕೆ ನಾಲ್ಕು ಜಾಗ ಸಾಕು.

ಮೊದಮೊದಲು ನಾನು ನಕ್ಷೆಯನ್ನು ನಂಬಿ ಕೆಟ್ಟೆ. ಬಾಲಿಯ ವಿಸ್ತೀರ್ಣ 5,800 ಚದರ ಕಿಲೋಮೀಟರಿಗಿಂತ ಕಡಿಮೆ, ನಮ್ಮ ಶಿವಮೊಗ್ಗ ಜಿಲ್ಲೆಗಿಂತ ಚಿಕ್ಕದು. ಇಷ್ಟು ಸಣ್ಣ ದ್ವೀಪದಲ್ಲಿ ಬೆಳಿಗ್ಗೆ ತೀರ್ತ ಎಂಪುಲ್‌ನ ಬುಗ್ಗೆ, ಅಲ್ಲಿಂದ ಗೋವಾ ಗಜಾ ಗುಹೆ, ತೆಗಲಾಲಂಗ್‌ನ ಗದ್ದೆ, ಕಿಂತಾಮಣಿಯಲ್ಲಿ ಜ್ವಾಲಾಮುಖಿ, ಸಂಜೆಗೆ ಉಲುವಾಟು ಎಂದು ಪಟ್ಟಿ ಮಾಡಿದ್ದೆ. ಕಾಗದದ ಮೇಲೆ ಎಲ್ಲವೂ ಹಿಡಿಸುತ್ತಿತ್ತು, ರಸ್ತೆಯ ಮೇಲೆ ಹಿಡಿಸಲಿಲ್ಲ. ಅಲ್ಲಿನ ಬಹುಪಾಲು ರಸ್ತೆಗಳು ಊರುಗಳ ನಡುವೆಯೇ ಹಾಯುವ ಎರಡು ಗಾಡಿ ಅಗಲದ ದಾರಿಗಳು. ಐವತ್ತು ಕಿಲೋಮೀಟರಿಗೆ ಎರಡು ಗಂಟೆ ಹಿಡಿಯುವುದು ಸಾಮಾನ್ಯ. ನಡುವೆ ದೇವರ ಮೆರವಣಿಗೆ ಎದುರಾದರೆ ಅದು ದಾಟುವವರೆಗೆ ಎಲ್ಲ ಗಾಡಿಗಳೂ ನಿಲ್ಲುತ್ತವೆ, ಯಾರೂ ಹಾರ್ನ್ ಹೊಡೆಯುವುದಿಲ್ಲ.

ಆ ದಿನಗಳಲ್ಲಿ ನನ್ನ ಬಾಯಲ್ಲಿ ಹೆಚ್ಚಾಗಿ ಇರುತ್ತಿದ್ದ ಮಾತು 'ಬೇಗ ಬನ್ನಿ, ಹೊತ್ತಾಯಿತು'. ಮಂಡಿನೋವಿನವರು ಮೆಟ್ಟಿಲು ಹತ್ತಿ ಮುಗಿಸುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತಿತ್ತು. ಒಮ್ಮೆ ಊಟದ ಹೊತ್ತಿಗೆ ಮೇಷ್ಟ್ರೊಬ್ಬರು ತಮ್ಮ ಫೋನಿನಲ್ಲಿದ್ದ ಚಿತ್ರ ತೋರಿಸಿ, "ಇದು ಯಾವ ದೇವಸ್ಥಾನ ಅಂತ ಬರೆದುಕೊಳ್ಳಬೇಕಿತ್ತು, ಹೇಳ್ತೀರಾ?" ಎಂದು ಕೇಳಿದರು. ಅದು ಅವರು ಎರಡು ಗಂಟೆ ಹಿಂದೆ ನಿಂತಿದ್ದ ಜಾಗ. ಜೀವಮಾನದಲ್ಲಿ ಒಮ್ಮೆ ಮಾತ್ರ ಬರುವ ಮನುಷ್ಯನಿಗೆ ನಾನು ಕೊಟ್ಟದ್ದು ಇಷ್ಟೇ ಎಂದು ಅವತ್ತು ಬಹಳ ನೊಂದುಕೊಂಡೆ.

ಈಗ ಉಲುವಾಟುವನ್ನು ಬೇರೆಯೇ ಸಂಜೆಗೆ ಇಟ್ಟುಕೊಳ್ಳುತ್ತೇನೆ. ಸುಮಾರು 70 ಮೀಟರ್ ಎತ್ತರದ ಬಂಡೆಯ ಅಂಚಿನಲ್ಲಿರುವ ಆ ದೇವಸ್ಥಾನಕ್ಕೂ, ಸೂರ್ಯ ಮುಳುಗುವ ಹೊತ್ತಿನಲ್ಲಿ ಅಲ್ಲಿ ನಡೆಯುವ ಕೆಚಕ್ ನೃತ್ಯದ ರಾಮಾಯಣಕ್ಕೂ ಅಷ್ಟು ಬಿಡುವು ಬೇಕು. ದೇವಸ್ಥಾನದ ದಿನಕ್ಕೆ ಉಳಿಸಿಕೊಂಡದ್ದು ನಾಲ್ಕು: ಬೆದುಗುಲ್‌ನ ಸರೋವರದ ಗುಡಿ ಉಲುನ್ ದಾನು ಬ್ರತಾನ್, ಜತಿಲುವಿಯ ಗದ್ದೆಗಳು, ಮೆಂಗ್ವಿಯ ತಮನ್ ಆಯುನ್, ಕಡಲ ಬಂಡೆಯ ತನಾ ಲೋಟ್.

2. ನೀರು ಇಳಿಯುವ ದಿಕ್ಕಿನಲ್ಲೇ ದಿನವೂ ಇಳಿಯಲಿ.

ಈ ನಾಲ್ಕನ್ನು ಯಾವ ಸರದಿಯಲ್ಲಿ ನೋಡಿದರೂ ಆದೀತು ಎಂದುಕೊಂಡಿದ್ದೆ. ಹೋಟೆಲಿಗೆ ಹತ್ತಿರದ್ದು ಮೊದಲು, ದೂರದ್ದು ಆಮೇಲೆ. ಆ ಲೆಕ್ಕದಲ್ಲಿ ಬ್ರತಾನ್ ತಲುಪುವಾಗ ಮಧ್ಯಾಹ್ನ ದಾಟಿರುತ್ತಿತ್ತು. ಸರೋವರ ಇರುವುದು ಸುಮಾರು 1,200 ಮೀಟರ್ ಎತ್ತರದಲ್ಲಿ. ಮಧ್ಯಾಹ್ನವಾದರೆ ಬೆಟ್ಟದಿಂದ ಮಂಜು ಇಳಿದು ನೀರನ್ನೂ ಗುಡಿಯನ್ನೂ ಮುಚ್ಚಿಬಿಡುತ್ತದೆ, ಮಳೆಯೂ ಹಿಡಿಯುತ್ತದೆ. ಹತ್ತು ಅಂಗುಲ ದೂರದ ಕೊಡೆ ಮಾತ್ರ ಕಾಣುವ ಜಾಗದಲ್ಲಿ ನಿಂತು ಜನ, "ಇಲ್ಲಿ ಏನಿದೆ ನೋಡೋದಕ್ಕೆ?" ಎಂದು ಕೇಳಿದ್ದಾರೆ.

ದಾರಿ ತೋರಿಸಿದವರು ನಮ್ಮ ಗೈಡ್. ಅವರನ್ನು ನಾವೆಲ್ಲ ಬ್ಲಿ ಎಂದು ಕರೆಯುತ್ತೇವೆ, ಅಲ್ಲಿ ಅಣ್ಣನನ್ನು ಕರೆಯುವುದು ಹಾಗೆ. ಬ್ಲಿಯ ಮನೆಯವರು ತಬನಾನ್ ಸೀಮೆಯ ಗದ್ದೆ ಬೇಸಾಯದವರು. 'ಮೊದಲು ಮೇಲಕ್ಕೆ ಹೋಗೋಣ, ನೀರಿನ ಜೊತೆ ಕೆಳಕ್ಕೆ ಬರೋಣ' ಎಂದರು. ಅಂದಿನಿಂದ ಬೆಳಿಗ್ಗೆ ಏಳರೊಳಗೆ ಹೊರಟು ನೇರ ಸರೋವರಕ್ಕೆ ಹೋಗುತ್ತೇವೆ. ಅಲ್ಲಿ ಪೂಜೆ ದೇವಿ ದಾನುವಿಗೆ, ಅವಳು ಸರೋವರದ ತಾಯಿ. ಸರೋವರದ ನೀರು ನೆಲದೊಳಗೆ ಇಳಿದು ಕೆಳಗಿನ ಊರುಗಳಲ್ಲಿ ಬುಗ್ಗೆಯಾಗಿ ಏಳುತ್ತದೆ ಎಂಬುದು ಅಲ್ಲಿನ ರೈತರ ನಂಬಿಕೆ. ಆಮೇಲೆ ಜತಿಲುವಿಯ ಗದ್ದೆ, ಅಲ್ಲಿಂದ ಸುತ್ತ ಕಂದಕದ ನೀರಿರುವ ತಮನ್ ಆಯುನ್, ಕೊನೆಗೆ ಕಡಲು.

ಸರದಿ ಬದಲಾದ ಮೇಲೆ ನನ್ನ ಮಾತೂ ಬದಲಾಯಿತು. ಮೊದಲು ಪ್ರತಿ ಜಾಗದಲ್ಲೂ ಹೊಸದಾಗಿ ಶುರುಮಾಡಬೇಕಿತ್ತು: ಯಾರು ಕಟ್ಟಿಸಿದರು, ಯಾವ ಶತಮಾನ, ಎಷ್ಟು ಅಂತಸ್ತು. ಈಗ ಬೆಳಿಗ್ಗೆ ಎತ್ತಿಕೊಂಡ ಎಳೆ ಸಂಜೆಯವರೆಗೂ ಕೈಯಲ್ಲಿರುತ್ತದೆ. ಬಾಲಿಯ ಜನ ನೀರನ್ನು ಹೇಗೆ ಪೂಜಿಸುತ್ತಾರೋ ಹಾಗೆಯೇ ಹಂಚಿಕೊಳ್ಳುತ್ತಾರೆ ಎಂಬುದು ಆ ಎಳೆ. ಗುಂಪಿನಲ್ಲಿರುವ ಅಜ್ಜಿಯಿಂದ ಹಿಡಿದು ಹೈಸ್ಕೂಲಿನ ಮೊಮ್ಮಗನವರೆಗೆ ಎಲ್ಲರಿಗೂ ಅದು ಸಿಗುತ್ತದೆ.

3. ಒಳಗೆ ಬಿಡುವುದಿಲ್ಲ ಎಂಬುದನ್ನು ಊರಲ್ಲೇ ಹೇಳಿ.

ನಾನು ಮಾಡಿದ ತಪ್ಪುಗಳಲ್ಲಿ ಇದೇ ದೊಡ್ಡದು. ಬೆಂಗಳೂರಿನಲ್ಲಿ ಗುಂಪು ಸೇರಿಸಿ ಮಾತಾಡುವಾಗ, 'ಅಲ್ಲೂ ನಮ್ಮ ಶಿವ, ವಿಷ್ಣು, ಗಣಪತಿ, ಎಲ್ಲ ನಮ್ಮ ಹಾಗೇ' ಎಂದುಬಿಡುತ್ತಿದ್ದೆ. ಅದನ್ನು ನಂಬಿಕೊಂಡು ಅಮ್ಮನೊಬ್ಬರು ಕರ್ಪೂರ, ಅರಿಶಿನ-ಕುಂಕುಮ, ಮನೆಯಲ್ಲಿ ಕಟ್ಟಿದ ಹೂಬತ್ತಿ, ಒಂದು ರವಿಕೆ ಕಣ ತಂದಿದ್ದರು. ಬ್ರತಾನ್‌ನಲ್ಲಿ ಒಳ ಅಂಗಳದ ಬಾಗಿಲು ಹಾಕಿತ್ತು. ಪೂಜೆಗೆ ಬಂದವರಿಗೆ ಮಾತ್ರ ಪ್ರವೇಶ ಎಂಬ ಫಲಕವಿತ್ತು. "ಇಷ್ಟು ದೂರ ಬಂದು ದೇವರ ಮುಖ ನೋಡೋ ಹಾಗಿಲ್ಲ ಅಂದ್ರೆ ಹೇಗಪ್ಪಾ?" ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಅವರು ಬೈಯಲಿಲ್ಲ, ಕರ್ಪೂರದ ಡಬ್ಬಿಯನ್ನು ಸೆರಗಿನಿಂದ ಒರೆಸಿ ಮತ್ತೆ ಚೀಲಕ್ಕೆ ಹಾಕಿಕೊಂಡರು.

ಆ ಅಮ್ಮನಿಗೆ ಮೊದಲೇ ಹೇಳಬೇಕಾಗಿದ್ದದ್ದು ಇದು. ಬಾಲಿಯ ದೇವಸ್ಥಾನ ಮೂರು ಅಂಗಳಗಳ ತೆರೆದ ಆವರಣ, ಮೇಲೆ ಆಕಾಶ. ಹೊರ ಅಂಗಳಕ್ಕೆ ಎರಡಾಗಿ ಸೀಳಿ ಪಕ್ಕಕ್ಕೆ ಸರಿಸಿದಂಥ ಕಲ್ಲಿನ ದ್ವಾರ. ಒಳಗೆ ಕಪ್ಪು ನಾರಿನ ಹೊದಿಕೆಯ ಅಂತಸ್ತಿನ ಗೋಪುರಗಳು, ಅವೇ ಮೇರುಗಳು. ಅಂತಸ್ತು ಸಾಮಾನ್ಯವಾಗಿ ಬೆಸ ಸಂಖ್ಯೆ, ಹೆಚ್ಚೆಂದರೆ 11. ಒಳ ಅಂಗಳದಲ್ಲಿ ಎತ್ತರದ ಕಲ್ಲುಪೀಠ, ಅದು ಪದ್ಮಾಸನ. ಅದರ ಮೇಲೆ ಯಾರೂ ಕೂತಿರುವುದಿಲ್ಲ. ಪರಮಾತ್ಮನನ್ನು ಅವರು ಕರೆಯುವುದು ಸಂಗ್ ಹ್ಯಾಂಗ್ ವಿಧಿ ಎಂದು. ಆ ಖಾಲಿ ಪೀಠ ಅವನದು. ದೇವತೆಗಳು ಗುಡಿಯಲ್ಲಿ ಸದಾ ನೆಲೆಸಿರುವುದಿಲ್ಲ, ಹಬ್ಬಕ್ಕೆ ಇಳಿದು ಬರುತ್ತಾರೆ, ಮುಗಿದ ಮೇಲೆ ಹೊರಡುತ್ತಾರೆ. ಹಾಗಾಗಿ ನಾವು ಹುಡುಕುವ ಗರ್ಭಗುಡಿಯ ದರ್ಶನ, ಮಂಗಳಾರತಿ, ತಟ್ಟೆ ಯಾವುದೂ ಅಲ್ಲಿಲ್ಲ. ಇಷ್ಟನ್ನು ಈಗ ಬೆಂಗಳೂರಿನಲ್ಲೇ ಚಿತ್ರ ಇಟ್ಟುಕೊಂಡು ಹೇಳುತ್ತೇನೆ. ಗೊತ್ತಿದ್ದು ಬಂದವರು ನಿರಾಸೆಯಿಂದ ನಿಲ್ಲುವುದಿಲ್ಲ, ಖಾಲಿ ಪೀಠವನ್ನೇ ನೋಡಿ ಕೈಮುಗಿಯುತ್ತಾರೆ.

ನೋಡುವುದಷ್ಟೇ ಸಾಲದು, ಕೈಗೂ ಏನಾದರೂ ಕೆಲಸ ಬೇಕು ಎಂದು ನಮ್ಮ ಗುಂಪಿನ ಹೆಂಗಸರಿಂದ ಕಲಿತೆ. ಹೋಟೆಲಿನಲ್ಲಿ ಕೆಲಸಕ್ಕಿದ್ದ ತಂಗಿಯೊಬ್ಬಳು ಬೆಳಗಿನ ಹೊತ್ತು ಮೆಟ್ಟಿಲ ಮೇಲೆ ಚಾನಾಂಗ್ ಎಂಬ ನೈವೇದ್ಯ ಇಡುವುದನ್ನು ಕಂಡು ಇವರೇ ಅವಳ ಬಳಿ ಕೂತರು. ತೆಂಗಿನ ಎಳೆಗರಿಯನ್ನು ಮಡಿಸಿ ಬಿದಿರ ಕಡ್ಡಿಯಿಂದ ಚುಚ್ಚಿ ಅಂಗೈಯಗಲದ ಚೌಕ ತಟ್ಟೆ. ಅದರಲ್ಲಿ ಪೂರ್ವಕ್ಕೆ ಬಿಳಿ ಹೂ, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಹಳದಿ, ಉತ್ತರಕ್ಕೆ ನೀಲಿ ಅಥವಾ ಹಸಿರು, ನಡುವೆ ಸಣ್ಣಗೆ ಹೆಚ್ಚಿದ ಕೇದಗೆಯಂಥ ಎಲೆ, ಮೇಲೊಂದು ಊದುಬತ್ತಿ. ಬಾಳೆಎಲೆ ದೊನ್ನೆ ಕಟ್ಟಿ ಅಭ್ಯಾಸವಿದ್ದ ಕೈಗಳಿಗೆ ಅದು ಬೇಗ ಒಗ್ಗಿತು. ಈಗ ಹಿಂದಿನ ಸಂಜೆ ಒಂದು ಗಂಟೆ ಇದಕ್ಕೇ ಇಡುತ್ತೇನೆ. ಬೆಳಿಗ್ಗೆ ಅವರವರ ಚಾನಾಂಗ್ ಅವರವರ ಕೈಯಲ್ಲಿರುತ್ತದೆ, ಎಲ್ಲಿಡಬೇಕೆಂದು ಬ್ಲಿ ತೋರಿಸುತ್ತಾರೆ. ಇನ್ನೊಂದು ಲಾಭವೆಂದರೆ ಬೀದಿಯಲ್ಲಿ ನೆಲದ ಮೇಲಿಟ್ಟ ಚಾನಾಂಗ್‌ಗಳನ್ನು ಇವರಾರೂ ತುಳಿಯುವುದಿಲ್ಲ.

ಬ್ಲಿಗೆ ಪರಿಚಯವಿರುವ ಒಂದು ಸಣ್ಣ ಊರಗುಡಿಯಲ್ಲಿ, ಪೆಮಂಕು ಎಂದರೆ ಅಲ್ಲಿನ ಅರ್ಚಕರು ಒಪ್ಪಿದರೆ, ಗುಂಪು ಕೂತು ಪ್ರಾರ್ಥಿಸಲು ಅವಕಾಶ ಸಿಗುತ್ತದೆ. ಸೊಂಟಕ್ಕೆ ಪಂಚೆಯಂತೆ ಕಾಮೆನ್ ಸುತ್ತಿ, ಮೇಲೆ ಸೆಲೆಂದಾಂಗ್ ನಡುಪಟ್ಟಿ ಕಟ್ಟಬೇಕು. ಮೊದಲು ಬರಿಗೈ ಜೋಡಿಸಿ ಹಣೆಗೆತ್ತಿ ಮುಗಿಯುವುದು, ಮುಂದೆ ಬೆರಳ ತುದಿಯಲ್ಲಿ ಹೂ ಹಿಡಿದು, ಕೊನೆಗೆ ಮತ್ತೆ ಬರಿಗೈ. ಒಟ್ಟು ಐದು ಸಲ. ಆಮೇಲೆ ತೀರ್ಥ ತಲೆಗೆ ಪ್ರೋಕ್ಷಿಸುತ್ತಾರೆ, ಅಂಗೈಗೆ ಹಾಕುತ್ತಾರೆ. ನೆನೆದ ಅಕ್ಕಿಕಾಳು ಹಣೆಗೆ ಅಂಟಿಸಿಕೊಳ್ಳಬೇಕು. ನಮ್ಮವರಿಗೆ ಯಾರೂ ಹೇಳಿಕೊಡದೆಯೇ ಬಲ ಅಂಗೈ ಗುಳಿಯಾಗುತ್ತದೆ. ಬಾಲಿಯವರು ದಿನಕ್ಕೆ ಮೂರು ಹೊತ್ತು ಹೇಳುವ ತ್ರಿಸಂಧ್ಯಾ ಪ್ರಾರ್ಥನೆ ಗಾಯತ್ರಿಯಿಂದ ಶುರುವಾಗುತ್ತದೆ, ಅದು ಕಿವಿಗೆ ಬಿದ್ದಾಗ ಮೇಷ್ಟ್ರುಗಳು ತಟ್ಟನೆ ತಲೆಯೆತ್ತುತ್ತಾರೆ. ಪೆಮಂಕು ಇವತ್ತು ಬೇಡ ಎಂದರೆ ಬೇಡ. ಹಣ ಕೊಟ್ಟು ಒಪ್ಪಿಸಲು ಹೋಗಬಾರದು.

4. ಮುಟ್ಟು, ಸೂತಕದ ಮಾತನ್ನು ಹಿಂದಿನ ರಾತ್ರಿಯೇ ಮುಗಿಸಿ.

ಬಾಲಿಯ ದೇವಸ್ಥಾನಗಳ ಬಾಗಿಲಲ್ಲಿ ಮುಟ್ಟಾದವರು ಒಳಗೆ ಬರಬಾರದೆಂದು ಇಂಗ್ಲಿಷಿನಲ್ಲೇ ಫಲಕ ಹಾಕಿರುತ್ತಾರೆ. ಮನೆಯಲ್ಲಿ ಸಾವಾದವರಿಗೂ ಅಲ್ಲಿ ಸೂತಕ ಉಂಟು. ಗೊತ್ತಿದ್ದೂ ನಾನು ಸಂಕೋಚದಿಂದ ಬಾಯಿ ಬಿಡದೆ ಇದ್ದೆ. ಒಬ್ಬ ಹುಡುಗಿ ಎಲ್ಲರೆದುರು ಫಲಕ ಓದಿಕೊಂಡು ನಿಂತಲ್ಲೇ ನಿಂತಳು, ಅವಳ ಅತ್ತೆಯೂ ಮಾವನೂ ನೋಡುತ್ತಿದ್ದರು. ಆ ನಿಯಮದ ಬಗ್ಗೆ ಒಬ್ಬೊಬ್ಬರ ಅಭಿಪ್ರಾಯ ಒಂದೊಂದು. ನನಗೂ ಇದೆ, ಅದನ್ನು ಅತಿಥಿಯಾಗಿ ಹೋದ ಬಾಗಿಲಲ್ಲಿ ವಾದ ಮಾಡಲಾರೆ. ಅವಳನ್ನು ಆ ಸ್ಥಿತಿಗೆ ತಂದದ್ದು ನನ್ನ ಮೌನ. ಈಗ ಹಿಂದಿನ ರಾತ್ರಿ ಗುಂಪಿನ ಹಿರಿಯಕ್ಕ ಒಬ್ಬರು ಹೆಂಗಸರಿಗೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ವಿಷಯ ತಿಳಿಸುತ್ತಾರೆ. ಯಾರೂ ನನಗೆ ಏನೂ ಹೇಳಬೇಕಾಗಿಲ್ಲ. ಬ್ರತಾನ್‌ನ ಸರೋವರದ ದಂಡೆ, ಹೂದೋಟ, ತಮನ್ ಆಯುನ್‌ನ ಹೊರ ಹುಲ್ಲುಹಾಸು ಎಲ್ಲರಿಗೂ ತೆರೆದಿರುತ್ತವೆ. ಅಲ್ಲಿ ಕೂರಲು ಒಳ್ಳೆಯ ಜಾಗ ಯಾವುದೆಂದು ಮೊದಲೇ ಗುರುತು ಮಾಡಿಕೊಂಡಿರುತ್ತೇನೆ.

5. ಗದ್ದೆಯ ಬದುವಿನ ಮೇಲೆ ಮಾತನ್ನು ರೈತರಿಗೆ ಬಿಟ್ಟುಕೊಡಿ.

ಜತಿಲುವಿಯನ್ನು ನಾನು ಚಿತ್ರ ತೆಗೆಯುವ ನಿಲ್ದಾಣ ಎಂದಷ್ಟೇ ಎಣಿಸಿದ್ದೆ. ಬತುಕಾರು ಬೆಟ್ಟದ ಮಗ್ಗುಲಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಗಳು, 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಸುಬಾಕ್ ನೀರಾವರಿ ಪ್ರದೇಶಗಳಲ್ಲಿ ಒಂದು ಎಂದು ಹೇಳಿ ಅರ್ಧ ಗಂಟೆ ಕೊಡುತ್ತಿದ್ದೆ. ಒಮ್ಮೆ ಮಂಡ್ಯ ಕಡೆಯ ರೈತರು ಬಂದಿದ್ದರು. ಅವರಲ್ಲಿ ಹಿರಿಯರೊಬ್ಬರು ಚಿತ್ರಕ್ಕೆ ನಿಲ್ಲದೆ ಬದುವಿನ ಮೇಲೆ ಇಳಿದು ಹೋದರು. ಕಾಲುವೆ ಎರಡಾಗಿ ಒಡೆಯುವಲ್ಲಿ ಅಡ್ಡಲಾಗಿ ಒಂದು ಮರದ ದಿಮ್ಮಿ ಇತ್ತು. ಅದರಲ್ಲಿ ಕಚ್ಚು ಹಾಕಿದ್ದರು. ಒಂದು ಕಚ್ಚು ಅಗಲ, ಇನ್ನೊಂದು ಕಿರಿದು. ಎರಡರ ತಳವೂ ಒಂದೇ ಮಟ್ಟ. ಅಗಲದ್ದರಲ್ಲಿ ಇಳಿದ ನೀರು ದೊಡ್ಡ ಹಿಡುವಳಿಗೆ, ಕಿರಿದರದ್ದು ಸಣ್ಣದಕ್ಕೆ. ಅವರು ಕುಕ್ಕರುಗಾಲಲ್ಲಿ ಕೂತು ಬೆರಳಿಟ್ಟು ಕಚ್ಚಿನ ಅಗಲ ಅಳೆದರು. "ಮ್ಯಾಗ್ಲೋನು ಕಟ್ಟೆ ಹಾಕ್ಕಂಡ್ರೆ ಕೆಳಗ್ಲೋನ್ ಗತಿ ಏನು, ಕೇಳಿ ಸಾ" ಎಂದರು. ಕನ್ನಂಬಾಡಿ ನಾಲೆಯ ಕೊನೆ ಭಾಗದಲ್ಲಿ ಗದ್ದೆ ಇಟ್ಟುಕೊಂಡವರು ಕೇಳುವ ಪ್ರಶ್ನೆ ಅದು.

ಬ್ಲಿ ಅಲ್ಲೇ ಕಳೆ ತೆಗೆಯುತ್ತಿದ್ದ ರೈತರೊಬ್ಬರನ್ನು ಕರೆದರು. ಉತ್ತರ ಅವರ ಬಾಯಿಂದ ಬ್ಲಿಗೆ, ಬ್ಲಿಯಿಂದ ನನಗೆ, ನನ್ನಿಂದ ಮಂಡ್ಯಕ್ಕೆ ಬಂತು. ಒಂದೇ ಮೂಲದ ನೀರುಣ್ಣುವ ಗದ್ದೆಯವರೆಲ್ಲ ಸೇರಿ ಒಂದು ಸುಬಾಕ್. ಅದಕ್ಕೊಬ್ಬ ಮುಖ್ಯಸ್ಥ, ಪೆಕಾಸೆ. ಅವನನ್ನು ರೈತರೇ ಆರಿಸುತ್ತಾರೆ. ನೀರು ಒಡೆಯುವ ಮುಖ್ಯ ಜಾಗಗಳಲ್ಲಿ ಗುಡಿ ಇರುತ್ತದೆ, ಸಭೆ ಅಲ್ಲಿ ಸೇರುತ್ತದೆ. ಯಾವ ಕಾಲುವೆಯವರು ಯಾವಾಗ ನಾಟಿ, ಯಾವಾಗ ಗದ್ದೆ ಬೀಳು ಎಂದು ಅಲ್ಲೇ ತೀರ್ಮಾನ. ಮೇಲಿನವನು ಕೆಳಗಿನವನಿಗೆ ನೀರು ಬಿಡಲೇಬೇಕು, ಏಕೆಂದರೆ ಕೆಳಗಿನವನು ತನ್ನ ಜೊತೆಗೇ ಕೊಯ್ದು ಜೊತೆಗೇ ಬೀಳು ಬಿಡದಿದ್ದರೆ ಹುಳು-ಇಲಿ ಒಂದು ಗದ್ದೆಯಿಂದ ಇನ್ನೊಂದಕ್ಕೆ ದಾಟಿಕೊಂಡು ಬದುಕಿಬಿಡುತ್ತವೆ. ಎಲ್ಲರೂ ಒಟ್ಟಿಗೆ ಬೀಳು ಬಿಟ್ಟರೆ ಅವಕ್ಕೆ ಮೇವಿಲ್ಲ. 1970ರ ದಶಕದಲ್ಲಿ ಸರ್ಕಾರ ಹೊಸ ತಳಿ ಕೊಟ್ಟು, ಈ ಸರದಿಯನ್ನು ಬಿಟ್ಟು ಆದಷ್ಟು ಬೆಳೆ ತೆಗೆಯಿರಿ ಎಂದಾಗ ಕಂದು ಜಿಗಿಹುಳು ಹಬ್ಬಿತು, ನೀರಿನ ಜಗಳವೂ ಎದ್ದಿತು. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಇದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಿ, ಗುಡಿಯ ಸರದಿಯಲ್ಲೇ ಇಳುವರಿಯ ಗುಟ್ಟಿದೆ ಎಂದು ತೋರಿಸಿದರು. ಅವರ ಪುಸ್ತಕ 'ಪ್ರೀಸ್ಟ್ಸ್ ಅಂಡ್ ಪ್ರೋಗ್ರಾಮರ್ಸ್' 1991ರಲ್ಲಿ ಬಂತು.

ಜಿಗಿಹುಳು ಎಂದ ಕೂಡಲೇ ನಮ್ಮವರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ತಮ್ಮೂರಿನ ಕೆರೆಯ ತೂಬು ಎತ್ತುತ್ತಿದ್ದ ನೀರಗಂಟಿಯ ಕಥೆ ಬಂತು. ಅವನಿಗೆ ಕಣದಲ್ಲಿ ಇಂತಿಷ್ಟು ಭತ್ತ ಎಂದು ಅಳೆದು ಕೊಡುತ್ತಿದ್ದದ್ದು, ಆಮೇಲೆ ಆ ಪದ್ಧತಿ ನಿಂತದ್ದು. ಅದನ್ನು ನಾನು ಇಂಗ್ಲಿಷಿನಲ್ಲಿ ಬ್ಲಿಗೆ ಹೇಳಿದೆ, ಅವರು ತಮ್ಮ ರೈತನಿಗೆ ಹೇಳಿದರು. ಅರ್ಧ ಗಂಟೆಗೆಂದು ನಿಂತವರು ಎರಡು ಗಂಟೆ ಇದ್ದೆವು. ನಾನು ಓದಿಕೊಂಡು ಹೋಗಿ ಹೇಳುತ್ತಿದ್ದ ಯಾವ ವಿವರಣೆಗೂ ಆ ಎರಡು ಗಂಟೆಯ ಸತ್ವ ಇರಲಿಲ್ಲ. ಅಂದಿನಿಂದ ಗುಂಪಿನಲ್ಲಿ ಯಾರು ಏನು ಕೆಲಸ ಮಾಡಿದವರು ಎಂದು ಮೊದಲೇ ಕೇಳಿಕೊಳ್ಳುತ್ತೇನೆ. ಬೇಸಾಯದವರಿದ್ದರೆ ಜತಿಲುವಿಗೆ ಹೊತ್ತು ಹೆಚ್ಚು ಕೊಟ್ಟು ತಮನ್ ಆಯುನ್‌ನಲ್ಲಿ ಕಡಿಮೆ ಮಾಡುತ್ತೇನೆ. 17ನೇ ಶತಮಾನದ ಆ ರಾಜಮನೆತನದ ಗುಡಿಯನ್ನು ಹೊರಗಿನಿಂದ ಒಂದು ಸುತ್ತು ಬರುವುದಕ್ಕೆ ಮುಕ್ಕಾಲು ಗಂಟೆ ಸಾಕು. ಮೇರುಗಳ ಸಾಲು ಗೋಡೆಯಾಚೆಯಿಂದಲೇ ಚೆನ್ನಾಗಿ ಕಾಣುತ್ತದೆ.

6. ಸಸ್ಯಾಹಾರ ಎಂದರೆ ಸಾಲದು, ಏನು ಹಾಕಬಾರದು ಎಂದು ಹೇಳಿ.

'ತರಕಾರಿ ಊಟ' ಎಂದು ಹೇಳಿಟ್ಟರೆ ಮುಗಿಯಿತು ಎಂದುಕೊಂಡಿದ್ದೆ. ಜೀವನದಲ್ಲಿ ಮೊಟ್ಟೆಯನ್ನೂ ಮುಟ್ಟದ ಅಜ್ಜಿಯೊಬ್ಬರು ಕೆಂಪು ಚಟ್ನಿಯನ್ನು ಇಷ್ಟಪಟ್ಟು ಅನ್ನಕ್ಕೆ ಕಲಸಿಕೊಂಡು ಅರ್ಧ ಊಟ ಮಾಡಿದ್ದರು. ಆ ಸಂಬಲ್‌ನಲ್ಲಿ ತೆರಾಸಿ, ಎಂದರೆ ಹುದುಗಿಸಿದ ಸಿಗಡಿಯ ಮುದ್ದೆ ಇರುತ್ತದೆ ಎಂದು ಬ್ಲಿ ತಡವಾಗಿ ಗಮನಿಸಿ ಹೇಳಿದರು. ಅಜ್ಜಿ ಎದ್ದು ಹೋಗಿ ಬಾಯಿ ತೊಳೆದುಕೊಂಡರು. ಆ ದಿನ ಮತ್ತೇನೂ ತಿನ್ನಲಿಲ್ಲ, ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅವರ ಕಾಲಿಗೆ ಬಿದ್ದು ಕ್ಷಮೆ ಕೇಳಿದೆ.

ಅಲ್ಲಿನ ಅಡುಗೆಯವರಿಗೆ ಅದು ಉಪ್ಪಿನಷ್ಟೇ ಸಾಮಾನ್ಯ, ಅವರ ತಪ್ಪಿಲ್ಲ. ಈಗ ಇಂಡೋನೇಷ್ಯಾ ಭಾಷೆಯಲ್ಲಿ ಅಚ್ಚು ಹಾಕಿಸಿದ ಚೀಟಿ ಇಟ್ಟುಕೊಂಡಿದ್ದೇನೆ: ತೆರಾಸಿ ಬೇಡ, ಮೀನು ಬೇಡ, ಸಿಗಡಿ ಬೇಡ, ಮಾಂಸದ ಸಾರು ಬೇಡ, ಮೊಟ್ಟೆ ಬೇಡ. ಬೆಳಿಗ್ಗೆಯೇ ಬ್ಲಿ ಫೋನ್ ಮಾಡಿ ಹೇಳುತ್ತಾರೆ, ಊಟಕ್ಕೆ ಕೂರುವ ಮುಂಚೆ ನಾನು ಅಡುಗೆಮನೆಗೆ ಹೋಗಿ ಚೀಟಿ ತೋರಿಸುತ್ತೇನೆ. ಹಪ್ಪಳದಂತೆ ಕಾಣುವುದೂ ಸಿಗಡಿಯದಿರಬಹುದು, ಕೇಳಿಯೇ ತಿನ್ನಿ. ಜತಿಲುವಿಯ ಕೆಂಪಕ್ಕಿ ಅನ್ನ, ಹುದುಗಿಸಿದ ಸೋಯಾದ ತೆಂಪೆ ಕರಿದದ್ದು, ತೋಫು, ಬೇಯಿಸಿದ ಸೊಪ್ಪು-ತರಕಾರಿಗೆ ಕಡಲೆಕಾಯಿ ಚಟ್ನಿ ಹಾಕಿದ ಗಾಡೊ-ಗಾಡೊ ನಮ್ಮವರಿಗೆ ಹಿಡಿಸುತ್ತದೆ. ಆ ಚಟ್ನಿಗೂ ತೆರಾಸಿ ಸೇರಿಸುವುದುಂಟು. ಚಟ್ನಿಪುಡಿ, ಉಪ್ಪಿನಕಾಯಿ ನನ್ನ ಚೀಲದಲ್ಲಿ ಸದಾ ಇರುತ್ತವೆ.

7. ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದರೆ ಕಮಿಷನ್ ವಿಷಯ ಬಾಯಿಬಿಟ್ಟು ಹೇಳಿ.

ಬೆದುಗುಲ್ ದಾರಿಯಲ್ಲಿ ಕಾಫಿ ರುಚಿ ನೋಡುವ ತೋಟಗಳಿವೆ. ಗುಂಪು ಕರೆತಂದವರಿಗೆ ಮಾರಾಟದಲ್ಲಿ ಪಾಲು ಕೊಡುವುದು ಈ ಧಂದೆಯ ರೂಢಿ. ಶುರುವಿನಲ್ಲಿ ನಾನೂ ತೆಗೆದುಕೊಂಡಿದ್ದೇನೆ, ಗುಂಪಿಗೆ ಹೇಳಿರಲಿಲ್ಲ. ಅಲ್ಲಿ ಲುವಾಕ್ ಕಾಫಿ ಮಾರುತ್ತಾರೆ, ಪುನುಗು ಬೆಕ್ಕಿನ ಜಾತಿಯ ಪ್ರಾಣಿ ತಿಂದು ಹಾಕಿದ ಬೀಜದಿಂದ ಮಾಡಿದ್ದು. ಒಂದು ಕಡೆ ಆ ಪ್ರಾಣಿ ಹಗಲಿನಲ್ಲಿ ಪಂಜರದೊಳಗೆ ಅತ್ತಿಂದಿತ್ತ ಸುತ್ತುತ್ತಿತ್ತು. ಕೊಡಗಿನಿಂದ ಬಂದ ಬೆಳೆಗಾರರೊಬ್ಬರು, "ಇದು ರಾತ್ರಿ ಓಡಾಡೋ ಪ್ರಾಣಿ, ಇದನ್ನು ಹೀಗೆ ಕೂಡಿಹಾಕಬಾರದು" ಎಂದು ಹೊರಗೆ ಬಂದುಬಿಟ್ಟರು. ಪಂಜರವಿರುವ ಕಡೆ ಈಗ ನಿಲ್ಲಿಸುವುದಿಲ್ಲ. ಬದಲಿಗೆ ಸರೋವರದ ಹತ್ತಿರ ಚಂದಿಕುನಿಂಗ್ ಸಂತೆಯಲ್ಲಿ ಇಳಿಸುತ್ತೇನೆ. ಸ್ಟ್ರಾಬೆರಿ, ಮಸಾಲೆ, ಬೆಟ್ಟದ ತರಕಾರಿ ಸಿಗುತ್ತವೆ. ಪಾಲು ಸಿಗುವ ಅಂಗಡಿ ಯಾವುದಾದರೂ ದಾರಿಯಲ್ಲಿದ್ದರೆ ಬಸ್ಸಿನಲ್ಲೇ ಹೇಳುತ್ತೇನೆ, ಅದು ಚಾಲಕರಿಗೂ ಬ್ಲಿಗೂ ಹೋಗುತ್ತದೆ ಎಂದೂ ಹೇಳುತ್ತೇನೆ. ಹೇಳಿದ ಮೇಲೂ ಕೊಳ್ಳುವವರು ಕೊಳ್ಳುತ್ತಾರೆ.

8. ಸೂರ್ಯಾಸ್ತದ ಗಡಿಯಾರದ ಜೊತೆ ಕಡಲಿನ ಗಡಿಯಾರವನ್ನೂ ನೋಡಿ.

ಬಾಲಿ ಭೂಮಧ್ಯರೇಖೆಗೆ ಹತ್ತಿರ. ವರ್ಷವಿಡೀ ಸೂರ್ಯ ಸಂಜೆ ಆರು, ಆರೂವರೆಯ ಸುಮಾರಿಗೆ ಮುಳುಗುತ್ತಾನೆ. ಅದನ್ನಷ್ಟೇ ನೋಡಿಕೊಂಡು ತನಾ ಲೋಟ್‌ಗೆ ಗುಂಪನ್ನು ತಂದೆ. 16ನೇ ಶತಮಾನದಲ್ಲಿ ಜಾವಾದಿಂದ ಬಂದ ದಾಂಗ್ ಹ್ಯಾಂಗ್ ನಿರರ್ಥ ಎಂಬ ಗುರುವಿನ ಹೆಸರಿನೊಂದಿಗೆ ಬೆಸೆದುಕೊಂಡ ಗುಡಿ ಅದು. ಮೇಲೆ ಹತ್ತಲು ಬಿಡುವುದಿಲ್ಲ. ಆದರೆ ಬಂಡೆಯ ಬುಡದಲ್ಲಿ ಉಪ್ಪುನೀರಿನ ನಡುವೆಯೇ ಸಿಹಿನೀರಿನ ಬುಗ್ಗೆ ಇದೆ, ಅಲ್ಲಿ ಅರ್ಚಕರು ತೀರ್ಥ ಪ್ರೋಕ್ಷಿಸಿ ಹಣೆಗೆ ಅಕ್ಕಿಕಾಳು, ಕಿವಿಗೆ ದೇವಕಣಗಿಲೆ ಹೂ ಇಡುತ್ತಾರೆ. ಬೆಳಿಗ್ಗೆಯಿಂದ ಅದನ್ನೇ ಹೇಳಿಕೊಂಡು ಬಂದಿದ್ದೆ. ನಾವು ತಲುಪಿದಾಗ ಉಬ್ಬರ. ಬಂಡೆಗೂ ದಡಕ್ಕೂ ನಡುವೆ ಅಲೆ ಎದ್ದು ಬೀಳುತ್ತಿತ್ತು. ಮೊಣಕಾಲುದ್ದ ನೀರಿನಲ್ಲಿ ಹೋಗಿಬರುತ್ತೇನೆಂದು ಒಬ್ಬರು ಪ್ಯಾಂಟು ಮಡಚಿಕೊಂಡು ಇಳಿದೇಬಿಟ್ಟರು, ಪಾಚಿಯ ಮೇಲೆ ಕಾಲು ಜಾರಿತು. ಕಾವಲಿನವರು ಕೈಹಿಡಿದು ಎಳೆದುಕೊಂಡರು. ಆ ಹೊತ್ತು ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಉಬ್ಬರ ಇಳಿತಗಳು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ, ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಜೋರು. ಆ ದಿನದ ವೇಳೆ ಮೊದಲೇ ಸಿಗುತ್ತದೆ. ಸಂಜೆ ನೀರು ಇಳಿದಿದ್ದರೆ ಸರಿಯೇ. ಏರಿರುತ್ತದೆ ಎಂದು ಗೊತ್ತಾದರೆ ಬುಗ್ಗೆಯ ಆಸೆ ಹುಟ್ಟಿಸದೆ ಬಂಡೆಯ ಎದುರಿನ ದಡದಲ್ಲಿ ಕೂರಿಸುತ್ತೇನೆ, ಪಕ್ಕದ ಬತು ಬೊಲಾಂಗ್ ಗುಡಿಯನ್ನೂ ತೋರಿಸುತ್ತೇನೆ. ಅಲೆ ಕೊರೆದು ಮಾಡಿದ ಕಮಾನಿನ ಮೇಲೆ ನಿಂತ ಗುಡಿ ಅದು, ಉಬ್ಬರದಲ್ಲೇ ಅದರ ಚೆಂದ. ಸೂರ್ಯ ಮುಳುಗಿದ ಕೂಡಲೇ ಎಲ್ಲ ಗಾಡಿಗಳೂ ಒಂದೇ ಸಲ ಹೊರಡುತ್ತವೆ. ಅರ್ಧ ಗಂಟೆ ತಡೆದು, ಸುಟ್ಟ ಮುಸುಕಿನ ಜೋಳ ತಿಂದು ಹೊರಟರೆ ವಾಸಿ.

9. ಮುಂಗಡ ಕಟ್ಟುವ ಮೊದಲು ಅವರ ಪಂಚಾಂಗ ಕೇಳಿ.

ಬಾಲಿಯಲ್ಲಿ ಎರಡು ಲೆಕ್ಕಗಳು ನಡೆಯುತ್ತವೆ. ಒಂದು ನಮ್ಮ ಶಾಲಿವಾಹನ ಶಕೆಯದೇ. ಅವರ ಶಕ ಸಂವತ್ಸರದ ಮೊದಲ ದಿನ ನ್ಯೆಪಿ. 2023ರಲ್ಲಿ ಅದೂ ನಮ್ಮ ಯುಗಾದಿಯೂ ಮಾರ್ಚ್ 22ರಂದೇ ಬಂದವು, 2024ರಲ್ಲಿ ನ್ಯೆಪಿ ಮಾರ್ಚ್ 11ಕ್ಕೆ, ಯುಗಾದಿ ಏಪ್ರಿಲ್ 9ಕ್ಕೆ. ನ್ಯೆಪಿಯಂದು 24 ಗಂಟೆ ದ್ವೀಪವೇ ಮೌನ: ವಿಮಾನ ನಿಲ್ದಾಣ ಮುಚ್ಚಿರುತ್ತದೆ, ರಸ್ತೆಗೆ ಯಾರೂ ಇಳಿಯುವಂತಿಲ್ಲ, ಹೋಟೆಲಿನಲ್ಲೂ ಹೊರಗೆ ಕಾಣುವಂತೆ ದೀಪ ಹಚ್ಚುವುದಿಲ್ಲ. ಯುಗಾದಿ ರಜೆಗೆಂದು ಟಿಕೆಟ್ ಮಾಡುವವರು ಇದನ್ನು ನೋಡಿಕೊಳ್ಳಬೇಕು. ಬಂದವರು ಹೋಟೆಲಿನಲ್ಲೇ ಇರಲು ಸಿದ್ಧವಿದ್ದರೆ ನನ್ನ ಮಟ್ಟಿಗೆ ಅದೂ ಒಳ್ಳೆಯ ದಿನವೇ.

ಇನ್ನೊಂದು 210 ದಿನದ ಸುತ್ತು. ಅದರಲ್ಲಿ ಬರುವ ದೊಡ್ಡ ಹಬ್ಬ ಗಲುಂಗನ್, ಹತ್ತು ದಿನದ ಮೇಲೆ ಕುನಿಂಗನ್. ಹಿಂದೊಮ್ಮೆ ತಿಳಿಯದೆ ಗಲುಂಗನ್ ದಿನವೇ ಇಡೀ ಸುತ್ತಾಟ ಇಟ್ಟುಕೊಂಡಿದ್ದೆ. ಬ್ಲಿ ಬಂದರು, ಚಾಲಕರೂ ಬಂದರು. ಮನೆಯಲ್ಲಿ ಪೂಜೆ ಬಿಟ್ಟು ಬಂದಿದ್ದಾರೆಂದು ನನಗೆ ತಿಳಿದದ್ದು ಮಧ್ಯಾಹ್ನ. ಗೌರಿ-ಗಣೇಶದ ದಿನ ನಮ್ಮನ್ನು ಯಾರಾದರೂ ಕೆಲಸಕ್ಕೆ ಕರೆದರೆ ಹೇಗೋ ಹಾಗೆ. ಈಗ ಆ ದಿನ ಬಂದರೆ ಅವರಿಬ್ಬರಿಗೂ ಸಂಬಳ ಸಹಿತ ರಜೆ ಕೊಟ್ಟು ದೂರದ ಸುತ್ತಾಟವನ್ನು ಮರುದಿನಕ್ಕೆ ಹಾಕುತ್ತೇನೆ. ಮನೆಮನೆಯ ಮುಂದೆ ತುದಿ ಬಾಗಿದ ಬಿದಿರಿನ ಪೆಂಜೋರ್ ನೆಟ್ಟಿರುತ್ತಾರೆ, ತೆನೆ, ಎಳೆಗರಿ, ತೆಂಗಿನಕಾಯಿ ಕಟ್ಟಿ. ಹೋಟೆಲಿನ ಸುತ್ತಲಿನ ನಾಲ್ಕು ಬೀದಿಗಳನ್ನು ನಡೆದು ನೋಡಿದರೆ ನಮ್ಮವರಿಗೆ ಅಂದಿನ ಮಟ್ಟಿಗೆ ಬೇರೇನೂ ಬೇಕಾಗುವುದಿಲ್ಲ.